ಕಾಕಾಸಾಹೇಬರು ಕಸ ತೆಗೆದ ಕತೆ

"ನೀ ಏನೂ ಚಿಂತಿ ಮಾಡಬ್ಯಾಡ ಸುಶೀಲಾ. ನೀ ತಿರುಗಿ ಬರೂದ್ರಾಗ ಈ ಲಾನ್ ಗಾಲಿಚಾ ಆಗಿರತೈತಿ. ಕಾಲ ಇಡಾಕ ನಿನಗs ನಾಚಿಕಿ ಬರಬೇಕು, ಅಂಥಾ ಗಾಲಿಚಾ."

ಇಚಲಕರಂಜಿಯ ತಮ್ಮ ಮನೆಯ ಗೇಟಿನಲ್ಲಿ ನಿಂತು ಕಾಕಾಸಾಹೇಬರು ಈ ಘೋಷಣೆ ಮಾಡಿದರು. ಎಡಗೈ ಸೊಂಟದ ಮೇಲಿತ್ತು. ಬಲಗೈ ಅಂಗಳದ ಮೇಲೆ ಒಂದು ಸುತ್ತು ಬೀಸಿತು, ಗೆದ್ದ ರಾಜ್ಯವನ್ನು ದಂಡನಾಯಕ ತೋರಿಸುವ ಹಾಗೆ. ರಾಜ್ಯವೆಂದರೆ ಎರಡು ಎಮ್ಮೆ ಮಲಗಿದರೆ ಮೂರನೆಯದಕ್ಕೆ ಜಾಗವಿಲ್ಲದಷ್ಟು ನೆಲ. ಅದರಲ್ಲೂ ಅರ್ಧ ಬೋಳು, ಉಳಿದರ್ಧ ಗಡ್ಡೆಯಿಂದ ಹಬ್ಬುವ ಜೇಕಿನ ಕಳೆ, ಮೂಲೆಗೆ ಕಾಂಗ್ರೆಸ್ ಕಸ, ಗೋಡೆಯುದ್ದಕ್ಕೂ ಮುಟ್ಟಿದರೆ ಮುನಿ. ನಡುನಡುವೆ ಒಂದೊಂದು ಅಂಗೈ ಅಗಲ ನಿಜವಾದ ಹುಲ್ಲು ಜೀವ ಹಿಡಿದುಕೊಂಡಿತ್ತು.

ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಸುಶೀಲಾಬಾಯಿ ಗಂಡನ ಮುಖವನ್ನೂ ಅಂಗಳವನ್ನೂ ಒಮ್ಮೆ ನೋಡಿದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಎರಡೂ ಮೊಣಕಾಲಿನ ಆಪರೇಶನ್ ಆಗಿತ್ತು. ಇವರ ಮನೆಯಲ್ಲಿ ಕೆಳಗೆ ನೂಲಿನ ಗೋದಾಮು, ಮಲಗುವ ಕೋಣೆ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಕಾಲು ಪಳಗುವವರೆಗೆ ಗಡಹಿಂಗ್ಲಜದ ತವರಿನಲ್ಲಿ ಇರಲಿ ಎಂದು ಅಣ್ಣ ಪರಪ್ಪ ಕಾರು ತಂದಿದ್ದ.

"ಗಾಲಿಚಾ ಏನ್ ಬ್ಯಾಡ್ರಿ," ಎಂದರು ಸುಶೀಲಾಬಾಯಿ. "ಅಷ್ಟು ಕಸಾ ತಗದ್ರ ಸಾಕು. ಹುಲ್ಲು ತಾನs ಹಬ್ಬತೈತಿ."

"ಅದೇನ್ ಮಹಾ. ಮುಂಜಾನೆ ಚಹಾ ಕುಡದು ಕೂತ್ನೆಂದ್ರ ಊಟದ ಹೊತ್ತಿಗೆ ಕಸಾ ಖಲ್ಲಾಸ್."

ಸುಶೀಲಾಬಾಯಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾರು ಹೊರಟಿತು.

ಹಾಗೆ ನೋಡಿದರೆ ಆ ಲಾನ್ ಸಂಪೂರ್ಣ ಸುಶೀಲಾಬಾಯಿಯದೇ ಕೃಷಿ. ಮನೆ ಕಟ್ಟಿದ ವರ್ಷ ಯಾರದೋ ಮನೆಯಿಂದ ಒಂದು ಚೀಲ ಹುಲ್ಲಿನ ಕುಡಿ ತಂದು, ಒಂದೊಂದಾಗಿ ನೆಲಕ್ಕೆ ಚುಚ್ಚಿ ಬೆಳೆಸಿದವರು ಅವರು. ನಳಕ್ಕೆ ನೀರು ಬಂದ ದಿನವೇ ಹಬ್ಬ ಎನ್ನುವ ಊರಿನಲ್ಲಿ ಅಕ್ಕಿ ತೊಳೆದ ನೀರು, ಪಲ್ಲೆ ತೊಳೆದ ನೀರು ಹಾಕಿಯೇ ಅದನ್ನು ಹಸಿರಾಗಿ ಇಟ್ಟಿದ್ದರು. ಸುತ್ತಲಿನ ಓಣಿಗಳಲ್ಲಿ ಪವರ್‌ಲೂಮುಗಳು ಹಗಲುರಾತ್ರಿ ಖಟಖಟ ಎನ್ನುತ್ತಿದ್ದರೆ, ಮಧ್ಯಾಹ್ನ ಅವರು ಕುರಪಿ ಹಿಡಿದು ಕುಕ್ಕರಗಾಲಲ್ಲಿ ಕೂತು ಕಸ ಕೀಳುತ್ತಿದ್ದರು. ಕಾಕಾಸಾಹೇಬರ ಕೊಡುಗೆಯೂ ಇತ್ತು. ಅವರು ಸಂಜೆ ಅದರ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಬಂದವರಿಗೆಲ್ಲ "ನಮ್ಮ ಲಾನ್" ಎನ್ನುತ್ತಿದ್ದರು. ಎರಡು ವರ್ಷದಿಂದ ಸುಶೀಲಾಬಾಯಿಗೆ ಕೆಳಗೆ ಕೂರಲಾಗಲಿಲ್ಲ. ಲಾನ್ ಹಾಳಾಯಿತು. ಹೀಗೆ ಹಾಳಾದದ್ದು ಕಾಕಾಸಾಹೇಬರಿಗೆ ಕಂಡಿರಲಿಲ್ಲವೆಂದಲ್ಲ. ಕುರ್ಚಿಯನ್ನು ಅವರು ಕಟ್ಟೆಯ ಮೇಲೆ ಹಾಕಿಸಿಕೊಳ್ಳತೊಡಗಿದ್ದರು.

ಮರುದಿನ ಮುಂಜಾನೆ ಚಹಾ ಮುಗಿಸಿ ಅವರು ರಣಭೂಮಿಗೆ ಇಳಿದರು. ಅರವತ್ತು ದಾಟಿದ ಹೊಟ್ಟೆ ಕುಕ್ಕರಗಾಲಿಗೆ ಒಪ್ಪಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಅದರಲ್ಲಿ ಕೂತುಕೊಂಡೇ ಬಗ್ಗಿ ಜೇಕಿನ ಒಂದು ಗಡ್ಡೆಗೆ ಕುರಪಿ ಹಾಕಿ ಮೀಟಿದರು. ಜೇಕು ಅಲ್ಲಾಡಲಿಲ್ಲ. ಇನ್ನಷ್ಟು ಬಗ್ಗಿದರು. ಕುರ್ಚಿಯ ಮುಂಗಾಲೆರಡು ಹಸಿ ನೆಲದಲ್ಲಿ ಇಳಿದವು. ಕಾಕಾಸಾಹೇಬರು ಸಾಷ್ಟಾಂಗ ಬಿದ್ದರು. ಮೂಗಿನ ಎದುರಿಗೇ ಜೇಕು ಮೊದಲಿನಂತೆ ನೆಟ್ಟಗೆ ನಿಂತಿತ್ತು.

ಪಕ್ಕದ ಮನೆಯ ಪಾರುಬಾಯಿ ಗೋಡೆಯಾಚೆಯಿಂದ ಹಣಕಿ ನೋಡಿದಳು. ಅವಳ ಹೀರೇಬಳ್ಳಿ ಅದೇ ಗೋಡೆಯ ಮೇಲೆ ಹಬ್ಬಿತ್ತು.

"ಕಾಕಾ, ಏನರ ಕಳಕೊಂಡೀರ್ಯಾ? ನಾ ಹುಡಕಾಕ ಬರ್ಲೇನು?"

"ಏನೂ ಇಲ್ಲ. ಹುಲ್ಲು ತಪಾಸ ಮಾಡಾಕತ್ತೇನಿ," ಎಂದು ಕಾಕಾಸಾಹೇಬರು ಮಲಗಿದಲ್ಲಿಂದಲೇ ಹೇಳಿದರು.

ಮೊಣಕೈ ಒರೆಸಿಕೊಳ್ಳುತ್ತ ಅವರು ಒಂದು ತತ್ವ ಕಂಡುಕೊಂಡರು. ಬುದ್ಧಿಯಿದ್ದವನು ಬೆನ್ನು ಬಗ್ಗಿಸಬಾರದು. ಸುತ್ತಲಿನ ಊರುಗಳಲ್ಲಿ ಇಷ್ಟು ಕಬ್ಬು ಬೆಳೆಯುತ್ತಾರಲ್ಲ, ಅವರೆಲ್ಲ ಕುರ್ಚಿ ಹಾಕಿಕೊಂಡು ಕಸ ಕೀಳುತ್ತಾರೇನು? ಕಳೆ ಕೊಲ್ಲುವ ಎಣ್ಣೆ ಹೊಡೆಯುತ್ತಾರೆ. ಒಂದು ಪಂಪು ಹೊಡೆದರೆ ಕಸದ ವಂಶವೇ ನಿರ್ವಂಶ.

ಬೀಜ-ಗೊಬ್ಬರದ ಅಂಗಡಿಗೆ ಹೋಗಿ, "ಕಸಾ ಸಾಯೂ ಎಣ್ಣಿ ಕೊಡ್ರಿ. ಜಬರದಸ್ತ್ ಇರಬೇಕು," ಎಂದರು.

ಅಂಗಡಿಯವನು ಕೇಳಿದ: "ಎಲ್ಲಿ ಹೊಡ್ಯಾವ್ರು? ಕಬ್ಬಿನ್ಯಾಗೋ, ಬದುವಿಗೋ?"

ಇಲ್ಲಿ ಕಾಕಾಸಾಹೇಬರು ಒಂದು ಕ್ಷಣ ತಡೆದರು. ಅಂಗಡಿಯಲ್ಲಿ ಐದಾರು ಜನ ರೈತರು ನಿಂತಿದ್ದರು. ಮೀಸೆಯವರು, ಹೆಗಲ ಮೇಲೆ ಟವೆಲ್ ಹಾಕಿದವರು. ಅವರೆಲ್ಲರ ಮುಂದೆ "ಮನಿ ಮುಂದಿನ ಲಾನಿಗೆ" ಎಂದು ಹೇಳುವುದೆಂದರೆ ಕುಸ್ತಿಯ ಅಖಾಡಕ್ಕೆ ಹೋಗಿ ಪೌಡರು ಕೇಳಿದ ಹಾಗೆ. ಅವರ ಬಾಯಿಂದ ತಾನಾಗಿಯೇ ಬಂತು: "ಬದುವಿಗೆ."

"ಅಂದ್ರ ಎಲ್ಲಾ ಸತ್ರೂ ನಡೀತೈತಿ?"

"ಎಲ್ಲಾ ಸಾಯಬೇಕು," ಎಂದರು ಕಾಕಾಸಾಹೇಬರು ಗಂಭೀರವಾಗಿ. ರೈತರಲ್ಲೊಬ್ಬ ಮೆಚ್ಚಿ ತಲೆದೂಗಿದ. ಆ ತಲೆದೂಗಿನ ಸುಖದಲ್ಲಿ ಅವರು ಬಾಟಲಿಯನ್ನೂ ಬಾಡಿಗೆಯ ಪಂಪನ್ನೂ ಆಟೋದಲ್ಲಿಟ್ಟುಕೊಂಡು ಮನೆಗೆ ಬಂದರು.

ಎಣ್ಣೆ ಮೈಗೆ ತಾಗಬಾರದು ಎಂದು ಬಾಟಲಿಯ ಮೇಲೆ ಬರೆದಿತ್ತು. ಕಾಕಾಸಾಹೇಬರು ರೇನ್‌ಕೋಟು ತೊಟ್ಟರು, ಕೈಗೆ ಪಾತ್ರೆ ತಿಕ್ಕುವ ರಬ್ಬರಿನ ಗವಸು, ಬಾಯಿಗೆ ಟವೆಲ್, ತಲೆಗೆ ಹೆಲ್ಮೆಟ್. ಬೆನ್ನಿಗೆ ಪಂಪು ಏರಿಸಿಕೊಂಡು ಅಂಗಳಕ್ಕೆ ಬಂದಾಗ ಪಾರುಬಾಯಿ ಮತ್ತೆ ಹಣಕಿದಳು.

"ಕಾಕಾ, ಗಾಡಿ ಎಲ್ಲೈತ್ರಿ?"

ಹೆಲ್ಮೆಟ್ಟಿನೊಳಗೆ ಉತ್ತರ ಗುಂಯ್‌ಗುಟ್ಟಿತು. ಕಾಕಾಸಾಹೇಬರು ಪಂಪಿನ ಹಿಡಿಕೆ ಎಳೆದರು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುವ ಅಭ್ಯಾಸ ನೂಲಿನ ವ್ಯಾಪಾರಿಗೆ ಇರುವುದಿಲ್ಲ. ಅದು ಪಾರುಬಾಯಿಯ ಗೋಡೆಯ ಕಡೆ ಬೀಸುತ್ತಿತ್ತು.

ಮರುದಿನ ಹೋಗಿ ನೋಡಿದರೆ ಕಸ ನಗುತ್ತಿತ್ತು. ಅದರ ಮರುದಿನವೂ. ಅಂಗಡಿಯವನು ನೀರು ಬೆರೆಸಿ ಕೊಟ್ಟಿರಬೇಕೆಂದು ಕಾಕಾಸಾಹೇಬರಿಗೆ ಖಾತ್ರಿಯಾಯಿತು. ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಸುರಿದು ಇನ್ನೊಂದು ಪಂಪು ಹೊಡೆದರು.

ಆಮೇಲೆ ಎಣ್ಣೆ ತನ್ನ ಗುಣ ತೋರಿಸಿತು. ಮೊದಲು ಕಾಂಗ್ರೆಸ್ ಕಸ ತಲೆ ಬಾಗಿಸಿತು. ಮುಟ್ಟಿದರೆ ಮುನಿ ಮುಟ್ಟದೆಯೇ ಮುನಿಯಿತು. ಕಾಕಾಸಾಹೇಬರು ಗಡಹಿಂಗ್ಲಜಕ್ಕೆ ಫೋನ್ ಮಾಡಿದರು.

"ಸುಶೀಲಾ, ಕಸಾ ಸಾಯಾಕತ್ತೇತಿ."

"ಕೈಲೇ ಕಿತ್ತೀರ್ಯಾ?" ಸುಶೀಲಾಬಾಯಿಗೆ ನಂಬಿಕೆ ಬರಲಿಲ್ಲ. "ನಡಾ ನೂಸಾಕತ್ತಿಲ್ಲ?"

"ನೋವು ಇರತೈತಿ. ಮಾಡೂ ಮಂದಿ ಹೇಳಬಾರ್ದು," ಎಂದರು ಅವರು, ಬಹಳ ವಿನಯದಿಂದ.

"ಮೈಗೆ ವಜ್ಜಾ ಆಗೂವಷ್ಟು ಮಾಡಬ್ಯಾಡ್ರಿ. ನನಗೇನ್ ಗಡಿಬಿಡಿ ಇಲ್ಲ." ಆ ದನಿಯಲ್ಲಿ ಒಂದು ಮೆತ್ತಗಿನ ಅಕ್ಕರೆಯಿತ್ತು. ಕಾಕಾಸಾಹೇಬರು ಅದನ್ನು ಕೇಳಿ ಬಹಳ ವರ್ಷವಾಗಿತ್ತು. ಸತ್ಯ ಹೇಳುವುದಕ್ಕೆ ಅದು ಸರಿಯಾದ ಸಮಯವಾಗಿತ್ತು. ಆ ಸಮಯವನ್ನು ಅವರು ಹಾಗೇ ಹೋಗಲು ಬಿಟ್ಟರು.

ಎಣ್ಣೆ ಕಸದ ಹತ್ತಿರ ನಿಲ್ಲಲಿಲ್ಲ. ಅಂಗೈ ಅಗಲದ ಹುಲ್ಲುಗಳೂ ಹಳದಿಯಾದವು. ಆಮೇಲೆ ಬಿಳಿಚಿಕೊಂಡವು, ಆಮೇಲೆ ಇಡೀ ಅಂಗಳ ಹಳೆಯ ಕಸಬರಿಗೆಯ ಬಣ್ಣಕ್ಕೆ ತಿರುಗಿತು. ಗೋಡೆಯ ಮೇಲೆ ಹೀರೇಬಳ್ಳಿ, ಪಿಂದೆಗಳ ಸಮೇತ, ಒಣಗಿದ ಹಗ್ಗದ ಹಾಗೆ ಜೋತುಬಿದ್ದಿತ್ತು. ಪಾರುಬಾಯಿ ಬಳ್ಳಿಯ ತುದಿ ಹಿಡಿದು ನಿಂತಿದ್ದಳು.

"ಬದನಿ, ಹೀರಿಕಾಯಿ, ಬೆಂಡಿ. ಏನ್ ಬೇಕು ಹೇಳು ಪಾರುಬಾಯಿ, ದಿನಾ ಸಂತಿಯಿಂದ ತಂದ ಕೊಡತೇನಿ," ಎಂದರು ಕಾಕಾಸಾಹೇಬರು. "ಸುಶೀಲಾಗ ಮಾತ್ರ ಹೇಳಬ್ಯಾಡ."

"ನಾ ಯಾಕ ಹೇಳ್ಲಿ ಕಾಕಾ. ಆದ್ರ ಅಕ್ಕಾ ಕೇಳಿದ್ರ ಸುಳ್ಳ ಹೇಳಾಕ ಬರೂದಿಲ್ಲ ನನಗ." ಬಳ್ಳಿ ಕೈಬಿಟ್ಟು ಅವಳು ಒಳಗೆ ಹೋದಳು. ಮತ್ತೆ ಹೊರಗೆ ತಲೆ ಹಾಕಿ, "ನಾಳಿಗಿ ಬದನಿಕಾಯಿ ಇರ್ಲಿ. ಎಳೇವು ನೋಡಿ ತರ್ರಿ," ಎಂದಳು.

ಇತ್ತ ಗಡಹಿಂಗ್ಲಜದಲ್ಲಿ ಸುಶೀಲಾಬಾಯಿಗೆ ಲಾನ್ ನೋಡುವ ಆಸೆ ಏರುತ್ತಲೇ ಹೋಯಿತು. "ಅಣ್ಣನ ಫೋನಿನ್ಯಾಗ ವಿಡಿಯೋ ಬರತೈತಿ. ನಾಳಿ ಸಂಜಿಗೆ ಒಮ್ಮಿ ತೋರಸ್ರಿ," ಎಂದರು. ಕಾಕಾಸಾಹೇಬರು ರಾತ್ರಿಯೆಲ್ಲ ಹೊರಳಾಡಿ, ಮರುದಿನ ಸಂಜೆ ಊರ ನಗರಪಾಲಿಕೆಯ ಉದ್ಯಾನಕ್ಕೆ ಹೋದರು. ಅಲ್ಲಿನ ಹುಲ್ಲು ಒಳ್ಳೆಯ ಸೀರೆಯಂತೆ ಹಾಸಿತ್ತು. ಅದರ ನಡುಮಧ್ಯೆ ಪದ್ಮಾಸನ ಹಾಕಿ ಕೂತು, ಹಿಂದೆ ಜಾರುಬಂಡೆ ಕಾಣದಂತೆ ಫೋನು ಕೆಳಮುಖ ಹಿಡಿದು, ವಿಡಿಯೋ ಹಚ್ಚಿದರು.

ಸುಶೀಲಾಬಾಯಿ ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಆಮೇಲೆ, "ಅಯ್ಯ, ಇದು ನಮ್ಮದs ಏನ್ರಿ?" ಎಂದರು.

"ಮತ್ತ ಯಾರದು?"

"ನಾ ಇಷ್ಟ ವರ್ಷ ಮಾಡಿದ್ರೂ ಹಿಂಗ ಬಂದಿದ್ದಿಲ್ಲ. ನಿಮ್ಮ ಕೈಗುಣ ಭಾಳ ಚಲೋ ಐತಿ."

ಅಷ್ಟರಲ್ಲಿ ಪಿಳ್ ಎಂದು ಸೀಟಿ ಊದಿತು. ಹುಲ್ಲಿನ ಮೇಲೆ ಕೂರಬೇಡಿ ಎಂದು ಕಾವಲುಗಾರ ದೂರದಿಂದಲೇ ಮರಾಠಿಯಲ್ಲಿ ಕೂಗುತ್ತ ಬಂದ: "ಓ ಕಾಕಾ, ಹಿರವಳೀವರ ಬಸೂ ನಕಾ! ಉಠಾ, ಉಠಾ!"

"ಅದ್ಯಾರ್ರಿ ನಮ್ಮ ಅಂಗಳದಾಗ ಸೀಟಿ ಹೊಡದು ಏಳ ಅನ್ನಾಕತ್ತಾರ?"

"ರಸ್ತೇದಾಗ ಟ್ರಾಫಿಕ್ ಪೊಲೀಸ್ ನಿಂತಾನ," ಎನ್ನುತ್ತ ಕಾಕಾಸಾಹೇಬರು ಎದ್ದು ಓಡತೊಡಗಿದರು. ಪರದೆಯ ಮೇಲೆ ಸುಶೀಲಾಬಾಯಿಗೆ ಆಕಾಶ, ಗಂಡನ ಮೂಗಿನ ಹೊಳ್ಳೆ, ಮತ್ತೆ ಆಕಾಶ ಕಂಡವು. ಅವರು ನಗುತ್ತಿದ್ದರು. ಅದೇ ನಗುವಿನಲ್ಲಿ ಹೇಳಿದರು: "ನನಗ ಇನ್ನ ಇಲ್ಲಿ ಇರಾಕ ಆಗೂದಿಲ್ರಿ. ಕೋಲು ಹಿಡದು ಮೆಟ್ಲಾ ಹತ್ತಾಕತ್ತೇನಿ. ನಾಡಿದ್ದು ಅಣ್ಣ ಬಿಡಾಕ ಬರ್ತಾನ."

ಕಾಕಾಸಾಹೇಬರು ಉದ್ಯಾನದ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಕೂತುಬಿಟ್ಟರು.

ಮರುದಿನ ಅವರು ಮಂಟಪ ಹಾಕುವ ನಿಲೇಶನ ಗೋದಾಮಿಗೆ ಹೋದರು. ನಿಲೇಶನ ಬಳಿ ಮದುವೆ ಹಾಲ್‌ಗಳಲ್ಲಿ ಹಾಸುವ ಪ್ಲಾಸ್ಟಿಕ್ ಹುಲ್ಲಿನ ಸುರುಳಿಗಳಿದ್ದವು.

"ಕಾರ್ಯಕ್ರಮ ಯಾವುದು ಕಾಕಾ?"

"ನಮ್ಮ ಮನ್ಯಾಕಿ ಬರಾಕತ್ತಾಳ."

"ಹಾಂ, ಸ್ವಾಗತ ಸಮಾರಂಭ. ಕಾಳಜಿ ಕರೂ ನಕಾ, ಎಲ್ಲಾ ನಾ ನೋಡ್ಕೋತೇನಿ. ಕಮಾನು ಬೇಕೇನ್ರಿ? ಬಲೂನಿಂದು? ಗುಲಾಬಿ ಬಣ್ಣದ್ದು ಬಾಡಿಗಿ ಹೋಗದs ಐತಿ."

"ಕಮಾನು ಬ್ಯಾಡ. ಹುಲ್ಲಷ್ಟs ಸಾಕು."

ನಿಲೇಶನ ಆಳುಗಳು ಅರ್ಧ ತಾಸಿನಲ್ಲಿ ಅಂಗಳವನ್ನು ಹಸಿರು ಮಾಡಿ ಹೋದರು. ಹಸಿರೆಂದರೆ ಗಿಳಿ ನಾಚುವ ಹಸಿರು. ಹತ್ತಿರ ಹೋದರೆ ಯಾರದೋ ಮದುವೆಯ ಅಕ್ಷತೆ ಕಾಳು, ಒಂದೆರಡು ಗುಲಾಬಿ ಪಕಳೆ, ಒಂದು ಕಡೆ ಎಲೆಅಡಿಕೆಯ ಕೆಂಪು ಕಲೆ ಕಾಣುತ್ತಿತ್ತು. ಕಾಕಾಸಾಹೇಬರು ಕಲೆಯ ಮೇಲೆ ತುಳಸಿಯ ಕುಂಡ ಇಟ್ಟರು. ಎರಡು ಕೊಡ ನೀರು ಚಿಮುಕಿಸಿದರು. ಕಟ್ಟೆಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಮೋಸವೇನೂ ಕಾಣಲಿಲ್ಲ. ಎರಡೂ ಕಣ್ಣು ತೆರೆದಾಗ ಮಾತ್ರ ಇನ್ನೊಂದು ಕೊಡ ನೀರು ತರಲು ಒಳಗೆ ಹೋದರು.

ಕಾರು ಬಂದದ್ದು ನಡುಮಧ್ಯಾಹ್ನಕ್ಕೆ. ಮೊದಲು ಇಳಿದ ಪರಪ್ಪ ಅಂಗಳ ನೋಡಿ ನಿಂತೇಬಿಟ್ಟ. "ಏನ್ ಹಸರ ತಗದೀರಿ ಕಾಕಾಸಾಹೇಬ್ರ! ನಮ್ಮ ಕಬ್ಬಿಗೂ ಈ ಬಣ್ಣ ಇಲ್ಲ."

ಸುಶೀಲಾಬಾಯಿ ಕೋಲೂರಿ ನಿಧಾನ ಇಳಿದರು. ಯಾರನ್ನೂ ನೋಡಲಿಲ್ಲ. ಗೇಟಿನೊಳಗೆ ಬಂದು ಚಪ್ಪಲಿ ಬಿಟ್ಟರು. ಕಾಕಾಸಾಹೇಬರು, "ಮೊದಲ ಒಳಗ ನಡಿ, ಬಿಸಲು ಭಾಳ ಐತಿ," ಎನ್ನುವುದರೊಳಗೆ ಬಲಗಾಲನ್ನು ಹುಲ್ಲಿನ ಮೇಲೆ ಇಟ್ಟೇಬಿಟ್ಟರು.

ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು. ಕಾಲು ಚುರ್ ಎಂದು ಹಿಂದೆ ಬಂತು. ಅವರ ಮುಖದ ಮೇಲಿದ್ದ ನಗು ಕೂಡಲೇ ಹೋಗಲಿಲ್ಲ, ಏನಾಯಿತೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಕೋಲಿನ ತುದಿಯಿಂದ ಅಂಚನ್ನು ಮೀಟಿದರು. ಹಸಿರು ರೊಟ್ಟಿಯಂತೆ ಮೇಲೆದ್ದಿತು. ಕೆಳಗೆ ಸುಟ್ಟ ಕಣದಂಥ ನೆಲ.

ಪರಪ್ಪ ಆಕಾಶ ನೋಡಿದ. ಪಾರುಬಾಯಿ ಗೋಡೆಯಾಚೆ ತಲೆ ಬಗ್ಗಿಸಿ ಕೂತಳು. ಕಾಕಾಸಾಹೇಬರು ಬೈಗುಳಕ್ಕೆ ಮೈಯೊಡ್ಡಿ ನಿಂತರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ತಿನ್ನದ ಬೈಗುಳವಿರಲಿಲ್ಲ, ಜೀರ್ಣವಾಗದ್ದೂ ಇರಲಿಲ್ಲ.

"ಒಳ್ಳೇದಾತ ಬಿಡ್ರಿ," ಎಂದರು ಸುಶೀಲಾಬಾಯಿ. "ಇನ್ನ ನೀರ ಹಾಕೂದು ಬ್ಯಾಡ. ಕಸಾನೂ ಬರೂದಿಲ್ಲ."

ಕೋಲೂರಿ ಒಳಗೆ ಹೋದರು.

ಪರಪ್ಪ ಊಟ ಮುಗಿಸಿ ಹೊರಟ ಮೇಲೆ ಕಾಕಾಸಾಹೇಬರು ಚಹಾ ಮಾಡಿಕೊಂಡು ಮಹಡಿಗೆ ಹೋದರು. ಅಂಗಡಿಯ ರೈತರಿಂದ ಹಿಡಿದು ಉದ್ಯಾನದ ಸೀಟಿಯವರೆಗೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ನಗು ಬರಲಿ ಎಂದು ಕೆಲವು ಕಡೆ ಬಣ್ಣ ಹಚ್ಚಿಯೂ ಹೇಳಿದರು. ಸುಶೀಲಾಬಾಯಿ ನಗಲಿಲ್ಲ. ಚಹಾದ ಕಪ್ಪು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು.

"ಅಲ್ಲಿ ನಡಿಯಾಕ ಕಲಸಾಕ ಒಬ್ಬ ಹುಡಗಿ ಬರತಿದ್ಲು," ಎಂದರು ಕೊನೆಗೆ. "ಮೊದಮೊದಲ ನಾ ಕಾಲ ಎತ್ತಾಕ ಒಲ್ಲೆ ಅಂತಿದ್ದೆ. ಭಾಳ ನೂಸತಿತ್ತು. ಆಕಿ ಕೇಳಿದ್ಲು, ಬಾಯಿ, ಕಾಲ ಚಲೋ ಆದ ಮ್ಯಾಲ ಮೊದಲ ಎಲ್ಲಿಗೆ ನಡದ ಹೋಗ್ತೀರಿ ಅಂತ. ದೇವರ ಗುಡಿಗೆ ಅಂತೇನಿ ಅಂತ ತಿಳದಿದ್ಲು. ನಾ ನಮ್ಮ ಹುಲ್ಲಿನ ಮ್ಯಾಲ ಅಂದೆ. ದಿನಾ ಅದನ್ನs ನೆನಸ್ಕೊಂಡ ಕಾಲ ಎತ್ತಿದೆ."

ಕಾಕಾಸಾಹೇಬರು ತಮ್ಮ ಕಪ್ಪನ್ನು ಕೆಳಗಿಟ್ಟರು.

"ಕಸಾ ಹಂಗs ಇದ್ದಿದ್ರೂ ನಡೀತಿತ್ರಿ," ಎಂದರು ಸುಶೀಲಾಬಾಯಿ. "ಜೇಕಿನ ಮ್ಯಾಲೂ ಕಾಲ ತಂಪs ಇರತೈತಿ."

ಆ ಸಂಜೆ ಅವರು ಕಿಟಕಿಯ ಹತ್ತಿರ ಹೋಗಲಿಲ್ಲ. ಮರುದಿನವೂ ಇಲ್ಲ. ಅಂಗಳದ ಕಡೆಯ ಕಿಟಕಿ ಮುಚ್ಚಿಯೇ ಇತ್ತು. ಕಾಕಾಸಾಹೇಬರು ಪ್ಲಾಸ್ಟಿಕ್ ಹುಲ್ಲನ್ನು ತಾವೇ ಸುತ್ತಿ, ಆಟೋದ ಮೇಲೆ ಹೇರಿ ನಿಲೇಶನ ಗೋದಾಮಿಗೆ ಮುಟ್ಟಿಸಿದರು. "ಕಾರ್ಯಕ್ರಮ ಚಲೋ ಆತೇನ್ರಿ ಕಾಕಾ?" ಎಂದು ನಿಲೇಶ ಕೇಳಿದ. ಅವರಿಗೆ ಅಳು ಬಂದ ಹಾಗಾಯಿತು.

ಆಮೇಲಿನ ದಿನಗಳಲ್ಲಿ ಕಾಕಾಸಾಹೇಬರನ್ನು ಕಂಡವರು ಆಶ್ಚರ್ಯಪಟ್ಟರು. ನೂಲಿನ ಗಿರಾಕಿಗಳು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಸತ್ತ ಹುಲ್ಲನ್ನು ಕೆರೆದು ತೆಗೆದರು. ಮಣ್ಣು ಸಡಿಲಿಸಿ ನೀರು ಹಾಯಿಸಿ ಕಾದರು. ಅಕ್ಕಿ ತೊಳೆದ ನೀರು ಎಲ್ಲಿ ಚೆಲ್ಲುತ್ತಾರೋ ಎಂದು ಅಡುಗೆಮನೆಯ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತರು. ಕುಕ್ಕರಗಾಲಲ್ಲಿ ಕೂರಲು ಕಲಿತರು. ಕೂತರೆ ಏಳಲು ಆಗುತ್ತಿರಲಿಲ್ಲ. ಮೊಣಕಾಲಲ್ಲಿ ಯಾರೋ ಮೊಳೆ ಬಡಿದ ಹಾಗೆ. ಪಾರುಬಾಯಿಯ ಗೋಡೆ ಹಿಡಿದು ಮೇಲೇಳುವಾಗೆಲ್ಲ, ಸುಶೀಲಾ ಇಷ್ಟು ವರ್ಷ ಇಲ್ಲಿ ಹೀಗೇ ಎದ್ದು ಹೀಗೇ ಕೂತಿರಬೇಕು, ತಾನು ನಾಲ್ಕು ಹೆಜ್ಜೆ ಆಚೆ ಕೂತೂ ಒಮ್ಮೆಯೂ ಕೈ ಕೊಡಲಿಲ್ಲವಲ್ಲ ಎಂದು ಅವರಿಗೆ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ. ಪಾರುಬಾಯಿಗೆ ದಿನಾ ತರಕಾರಿ ತರುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಕೆಲವು ದಿನದ ಮೇಲೆ ನೆಲದಲ್ಲಿ ಅಲ್ಲಲ್ಲಿ ಹಸಿರು ಮೊಳೆಯಿತು. ಕಾಕಾಸಾಹೇಬರು ಓಡಿಹೋಗಿ ಹೆಂಡತಿಯನ್ನು ಕರೆದರು. ಸುಶೀಲಾಬಾಯಿ ಬಹಳ ಹೊತ್ತು ಬರಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಬಂದು ಕಟ್ಟೆಯ ಮೇಲೆ ಕೂತು, ಅಂಗಳದ ಮೇಲೆ ಕಣ್ಣಾಡಿಸಿದರು.

"ಅಷ್ಟೂ ಜೇಕ್ರಿ."

"ಗೊತ್ತೈತಿ, ಗೊತ್ತೈತಿ," ಎಂದರು ಕಾಕಾಸಾಹೇಬರು. ಅವರಿಗೆ ಗೊತ್ತಿರಲಿಲ್ಲ. "ಎಣ್ಣಿ ಕುಡದೂ ಸಾಯದಂಥಾ ಜಾತಿ ಇದು. ಈ ಸಲ ಬಿಡೂದಿಲ್ಲ. ನೀ ಬರೇ ಕೂತ ನೋಡು."

ಅವರು ಕುಕ್ಕರಗಾಲಲ್ಲಿ ಕೂತು, ಕುರಪಿಯನ್ನು ಬೇರಿನ ಕೆಳಗೆ ಇಳಿಸಿ ಒಂದು ಜೇಕು ಮೀಟಿದರು. ಗಡ್ಡೆ ಸಮೇತ ಬಂತು. ಸುಶೀಲಾಬಾಯಿ ಎದ್ದು ಒಳಗೆ ಹೋಗಲಿಲ್ಲ. ಇನ್ನೊಂದು ಬಂತು. ಮತ್ತೊಂದು. ಕಾಕಾಸಾಹೇಬರಿಗೆ ಹುರುಪು ಬಂತು. ಬೆವರು ಮೂಗಿನ ತುದಿಯಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ತೆವಳುತ್ತ ಗೋಡೆಯವರೆಗೆ ಹೋಗಿ, ಅಲ್ಲಿದ್ದ ಕಲ್ಲೊಂದನ್ನು ಸರಿಸಿದರು. ಕಲ್ಲಿನ ಸಂದಿಯಲ್ಲಿ ಒಂದು ಕುಡಿ ಅಡಗಿ ಕೂತಿತ್ತು, ತೆಳ್ಳಗೆ, ನೆಲಕ್ಕೆ ಅಂಟಿಕೊಂಡು.

"ನೋಡಿಲ್ಲಿ, ಕಲ್ಲಿನ ಕೆಳಗ ಮುಚ್ಚಿಟ್ಕೊಂಡ ಕೂತಿತ್ತು ಕಳ್ಳ," ಎನ್ನುತ್ತ ಅದನ್ನು ಬೇರು ಸಮೇತ ಕಿತ್ತು, ಎತ್ತಿ ಹಿಡಿದು ತೋರಿಸಿದರು. "ಇಷ್ಟ ದಿನ ಕೂತ ಕೂತ ಕಣ್ಣ ಚುರುಕ ಆಗ್ಯಾವ ನನಗ. ಎಲ್ಲಿ ಅಡಗಿದ್ರೂ ಕಸಾ ಗೊತ್ತಾಗತೈತಿ."

ಸುಶೀಲಾಬಾಯಿ ಕಟ್ಟೆಯಿಂದ ಎದ್ದರು. ಕೋಲನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ, ಒಂದೊಂದೇ ಹೆಜ್ಜೆಯಿಡುತ್ತ ಬಂದರು. ಗಂಡನ ಕೈಯಿಂದ ಆ ಕುಡಿಯನ್ನು ತೆಗೆದುಕೊಂಡು, ಅಂಗೈಯಲ್ಲಿಟ್ಟು, ಬೆರಳಿನಿಂದ ಮಣ್ಣು ಸರಿಸಿ ನೋಡಿದರು.

"ಇದೊಂದs ರೀ ನಮ್ಮ ಹುಲ್ಲಿಂದು ಉಳದಿದ್ದು."

ಗೋಡೆಯಾಚೆ ಪಾರುಬಾಯಿ ಸೆರಗು ಬಾಯಿಗೆ ಒತ್ತಿಕೊಂಡ ಸದ್ದು ಕೇಳಿತು. ಕಾಕಾಸಾಹೇಬರು ಕುರಪಿಯನ್ನು ಕೆಳಗಿಟ್ಟರು. ಮೊಣಕಾಲು ಹಿಡಿದುಕೊಂಡಿತ್ತು, ಏಳಲೂ ಆಗಲಿಲ್ಲ. ಕೂತಲ್ಲೇ ಕತ್ತೆತ್ತಿ, ಸಣ್ಣ ದನಿಯಲ್ಲಿ ಕೇಳಿದರು:

"ಮತ್ತ ಹಚ್ಚಿದ್ರ ಬದಕತೈತೇನು?"

ಸುಶೀಲಾಬಾಯಿ ಗಂಡನ ಹೆಗಲಿನ ಮೇಲೆ ಭಾರ ಹಾಕಿ ಮೆಲ್ಲಗೆ ಬಗ್ಗಿದರು. ಬೆರಳಿನಿಂದಲೇ ಗುಣಿ ಮಾಡಿ, ಕುಡಿಯನ್ನು ಅದರಲ್ಲಿ ಮಲಗಿಸಿ, ಮಣ್ಣು ಒತ್ತಿದರು. ಆಮೇಲೆ, ಊರಿಗೆ ಬಂದ ಮೇಲೆ ಮೊದಲ ಬಾರಿಗೆ, ಗಂಡನ ಮುಖ ನೋಡಿದರು.

"ನೋಡೂಣು. ನೀವು ಕೈ ಹಚ್ಚಲಿಲ್ಲಂದ್ರ ಬದಕಬಹುದು."